ಬಂಡೆಯಿಂದ ಬಂಡೆಗೆ ಬಳ್ಳಿಯ ಪಯಣ

ಓಮಲೂರು ಸುತ್ತಲಿನ ಕಲ್ಲುಗುಡ್ಡಗಳಲ್ಲಿ ಬಳ್ಳಿಗಳು ಬೇರೂರಿದ್ದು ಹೇಗೆ, ಅವುಗಳ ಬೀಜ ಹೊತ್ತವರು ಯಾರು? ಮೈಸೂರು ಸೀಮೆಯ ಊಟದೆಲೆಗೆ ಬರುವ ಮಾಗಳಿ ಬೇರಿನ ಉಪ್ಪಿನಕಾಯಿಗೂ ಈ ಪ್ರಶ್ನೆಗೂ ನೇರ ನಂಟಿದೆ.

ಬೆಂಗಳೂರಿನಿಂದ ಸೇಲಂ ಕಡೆಗೆ ಹೊರಟವರಿಗೆ ಧರ್ಮಪುರಿ ದಾಟಿ, ತೊಪ್ಪೂರು ಘಾಟಿ ಇಳಿದ ಮೇಲೆ ಓಮಲೂರು ಸಿಗುತ್ತದೆ. ಪೂರ್ವಕ್ಕೆ ಸೇರ್ವರಾಯನ್ ಬೆಟ್ಟಸಾಲು 1,500 ಮೀಟರ್ ದಾಟಿ ಎದ್ದು ನಿಂತಿದೆ, ಅದರ ನೆತ್ತಿಯಲ್ಲಿ ಏರ್ಕಾಡು. ದಕ್ಷಿಣಕ್ಕೆ ಕಬ್ಬಿಣದ ಅದಿರಿಗೂ ಸಿದ್ಧರ ಗುಡಿಗೂ ಹೆಸರಾದ ಕಂಜಮಲೈ. ಸೇರ್ವರಾಯನ್ ಬೆಟ್ಟದಲ್ಲಿ ಹುಟ್ಟಿದ ಸರಬಂಗ ನದಿ ಓಮಲೂರನ್ನು ಹಾದು ಕಾವೇರಿ ಸೇರುತ್ತದೆ. ಇವುಗಳ ನಡುವಿನ ಬಯಲಲ್ಲಿ, ಹೊಲಗಳ ಮಧ್ಯದಲ್ಲೇ, ಅರೆ, ಹಾಸುಬಂಡೆ, ಕಲ್ಲುಗುಡ್ಡಗಳು ಅಲ್ಲೊಂದು ಇಲ್ಲೊಂದು ತಲೆ ಎತ್ತಿವೆ. ರಾಮನಗರ, ಸಾವನದುರ್ಗ, ನಂದಿಬೆಟ್ಟ ನೋಡಿದವರಿಗೆ ಈ ನೋಟ ಹೊಸದಲ್ಲ.

ಕನ್ನಡಿಗರಿಗೆ ಈ ಸೀಮೆಯೂ ಹೊಸದಲ್ಲ. ಹದಿನೇಳನೆಯ ಶತಮಾನದ ಕೊನೆಯಲ್ಲಿ ಚಿಕ್ಕದೇವರಾಜ ಒಡೆಯರ ಕಾಲಕ್ಕೆ ಓಮಲೂರು ಮೈಸೂರಿನ ಕೈಗೆ ಬಂತು. 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಟಿಪ್ಪು ಸುಲ್ತಾನ್ ಬಾರಾಮಹಲನ್ನೂ ಸೇಲಂ ಸೀಮೆಯನ್ನೂ ಬ್ರಿಟಿಷರಿಗೆ ಬಿಟ್ಟುಕೊಡುವವರೆಗೆ ಅದು ಮೈಸೂರಿನದೇ ಆಗಿತ್ತು. ಸೇಲಂ, ಧರ್ಮಪುರಿ ಜಿಲ್ಲೆಗಳಲ್ಲಿ ಕನ್ನಡ ಮನೆಮಾತಿನ ಕುಟುಂಬಗಳು ಇಂದಿಗೂ ಇವೆ. ಇಲ್ಲಿನ ಬಂಡೆಗಳ ಮೇಲೆ ಹಬ್ಬಿದ ಬಳ್ಳಿಗಳಲ್ಲಿ ಬಹುಪಾಲು ನಮ್ಮ ತುಮಕೂರು, ಕೋಲಾರ, ರಾಮನಗರದ ಗುಡ್ಡಗಳಲ್ಲೂ ಇರುವಂಥವೇ. ನಾವು ಮಂಗರವಳ್ಳಿ ಎನ್ನುವುದನ್ನು ಇಲ್ಲಿ ಪಿರಂಡೈ ಎನ್ನುತ್ತಾರೆ, ತಮಿಳರ ಸೆಂಗಾಂದಳ್ ನಮಗೆ ಗೌರಿ ಹೂವು.

ಕಾದ ಕಲ್ಲಿನ ಮೇಲೆ ಬದುಕು

ಈ ಸೀಮೆಯ ಹಳೆಯ ಶಿಲೆಗಳ ವಯಸ್ಸು ಸುಮಾರು 250 ಕೋಟಿ ವರ್ಷ. ಮೆತ್ತನೆಯ ಭಾಗವೆಲ್ಲ ಸವೆದು ಮಣ್ಣಾಗಿ ಹೊಲವಾಯಿತು, ಗಟ್ಟಿ ಕಲ್ಲು ಗುಡ್ಡವಾಗಿ ಉಳಿಯಿತು. ಸಸ್ಯವಿಜ್ಞಾನಿಗಳು ಇಂಥ ಒಂಟಿ ಕಲ್ಲುಗುಡ್ಡಗಳನ್ನು ಇನ್ಸೆಲ್‌ಬರ್ಗ್ ಎಂದು ಕರೆದು, ಸಮುದ್ರದ ದ್ವೀಪಗಳನ್ನು ನೋಡುವ ಕಣ್ಣಿನಿಂದಲೇ ನೋಡುತ್ತಾರೆ. ಸುತ್ತಲಿನ ಬಯಲಿನ ಗಿಡಮರಗಳಿಗೆ ಬಂಡೆಯ ಮೇಲೆ ಬಾಳಲು ಬಾರದು, ಬಂಡೆಯ ಸಸ್ಯಗಳಿಗೆ ಬಯಲು ಒಗ್ಗದು. ಹೀಗಾಗಿ ಒಂದು ಗುಡ್ಡದ ಸಸ್ಯ ಇನ್ನೊಂದು ಗುಡ್ಡ ತಲುಪಬೇಕಾದರೆ ನಡುವಿನ ಬಯಲನ್ನು ಬೀಜರೂಪದಲ್ಲಿ ದಾಟಲೇಬೇಕು.

ಬೇಸಿಗೆಯ ಮಧ್ಯಾಹ್ನ ಬೋಳು ಬಂಡೆಯ ಮೈ 60 ಡಿಗ್ರಿ ಸೆಲ್ಸಿಯಸ್ ಮುಟ್ಟುವುದುಂಟು. ಮಳೆ ಬಿದ್ದರೆ ನೀರು ನಿಲ್ಲದೆ ಜಾರಿ ಹೋಗುತ್ತದೆ. ಹಾಗೆ ಜಾರಿದ ನೀರೆಲ್ಲ ಬಿರುಕುಗಳಿಗೆ, ದೊಣೆಗಳಿಗೆ, ಬಂಡೆಯ ಬುಡಕ್ಕೆ ಸೇರುತ್ತದೆ. ಆ ಸಣ್ಣ ಜಾಗಕ್ಕೆ ಇಡೀ ಬಂಡೆಯ ಮೇಲೆ ಬಿದ್ದ ಮಳೆಯ ಪಾಲು ಸಿಗುತ್ತದೆ. ಗಾಳಿ ತಂದ ಧೂಳು, ಉದುರಿದ ಎಲೆ ಸೇರಿ ಅಲ್ಲಿ ಹಿಡಿಯಷ್ಟು ಮಣ್ಣೂ ಕೂಡುತ್ತದೆ. ಬಳ್ಳಿಗೆ ಬೇಕಾದದ್ದು ಅಷ್ಟೇ. ಮರಕ್ಕೆ ಅಗಲವಾದ ನೆಲ ಬೇಕು, ಬಳ್ಳಿ ಬೇರನ್ನು ಬಿರುಕಿನ ನೆರಳಿನಲ್ಲಿ ಇಟ್ಟು, ಕುಡಿಯನ್ನು ಹತ್ತಾರು ಅಡಿ ದೂರದ ಬಿಸಿಲಿಗೆ ಕಳಿಸಬಲ್ಲದು. ಕಾಂಡ ದಪ್ಪವಾಗಿಸಲು ಖರ್ಚು ಮಾಡದೆ, ಪಕ್ಕದ ಕಳ್ಳಿಯನ್ನೋ ತುಗ್ಗಲಿ ಮರವನ್ನೋ ಕಾರೆ ಪೊದೆಯನ್ನೋ ಆಸರೆ ಮಾಡಿಕೊಳ್ಳುತ್ತದೆ. ಏನೂ ಸಿಗದಿದ್ದರೆ ಬಂಡೆಯ ಮೈಮೇಲೇ ಹರಡುತ್ತದೆ.

ಬರವನ್ನು ಎದುರಿಸುವ ಉಪಾಯ ಒಂದೊಂದಕ್ಕೆ ಒಂದೊಂದು. ಮಂಗರವಳ್ಳಿಯ ನಾಲ್ಕು ಮೂಲೆಯ ಹಸಿರು ಕಾಂಡ ರಾತ್ರಿ ಹೊತ್ತು ಮಾತ್ರ ಗಾಳಿಯಿಂದ ಇಂಗಾಲದ ಡೈಆಕ್ಸೈಡ್ ಹೀರಿ, ಆಮ್ಲವಾಗಿ ಕೂಡಿಟ್ಟು, ಹಗಲಲ್ಲಿ ರಂಧ್ರ ಮುಚ್ಚಿಕೊಂಡು ಆಹಾರ ತಯಾರಿಸುತ್ತದೆ. ಎಲೆ ಉದುರಿದರೂ ಅದರ ಕೆಲಸ ನಿಲ್ಲದು. ಸೋಮಲತೆ ಎಂದು ನಾವು ಕರೆಯುವ ಹಾಲುಬಳ್ಳಿಯಲ್ಲಂತೂ ಎಲೆಯ ಗೊಡವೆಯೇ ಇಲ್ಲ, ಪೆನ್ಸಿಲ್ ದಪ್ಪದ ಹಸಿರು ಕಡ್ಡಿಗಳೇ ಎಲ್ಲ. ಗೌರಿ ಹೂವು ಮಳೆಗಾಲ ಮುಗಿದ ಮೇಲೆ ಮೇಲ್ಭಾಗವನ್ನು ಒಣಗಲು ಬಿಟ್ಟು ನೆಲದೊಳಗಿನ ಗೆಡ್ಡೆಯಲ್ಲಿ ಮಲಗುತ್ತದೆ. ಹಲವು ಮಕ್ಕಳ ತಾಯಿ ಬೇರು ಎಂದು ಹಳ್ಳಿಗರು ಕರೆಯುವ ಶತಾವರಿ ಬೇರಿನ ಗೊಂಚಲಿನಲ್ಲಿ ನೀರು ತುಂಬಿಟ್ಟುಕೊಳ್ಳುತ್ತದೆ. ಅಮೃತಬಳ್ಳಿಯ ತುಂಡನ್ನು ಮಣ್ಣಿಲ್ಲದೆ ಕೊಂಬೆಗೆ ತೂಗುಹಾಕಿದರೂ ಅದು ದಾರದಂಥ ಬೇರು ಇಳಿಬಿಟ್ಟು ಚಿಗುರುತ್ತದೆ.

ಏರುವ ಬಗೆಯಲ್ಲೂ ಇಷ್ಟೇ ವೈವಿಧ್ಯ. ಮಾಗಳಿ, ಗುಲಗಂಜಿ, ದಾಗಡಿ, ಅಮೃತಬಳ್ಳಿಗಳು ಕಾಂಡವನ್ನೇ ಸುತ್ತಿ ಏರುತ್ತವೆ. ಕಾಡುತೊಂಡೆ, ಲಿಂಗತೊಂಡೆ, ಮಂಗರವಳ್ಳಿ, ಅಗ್ನಿಬಳ್ಳಿಗಳಿಗೆ ಕುಡಿಸುರುಳಿ ಉಂಟು. ಗೌರಿ ಹೂವಿನ ಎಲೆಯ ತುದಿಯೇ ಉದ್ದವಾಗಿ ಕೊಕ್ಕೆಯಾಗಿ ಹಿಡಿಯುತ್ತದೆ. ಶತಾವರಿ, ಸೂರಿಮುಳ್ಳುಗಳು ಬಾಗಿದ ಮುಳ್ಳನ್ನು ನಾಟಿ ಮೇಲೇರುತ್ತವೆ.

ಈ ಸುತ್ತುವಿಕೆಯನ್ನು ಅಳತೆ ಮಾಡಿ ನೋಡಿದವರಲ್ಲಿ ಮೊದಲಿಗರ ಸಾಲಿನವರು ಚಾರ್ಲ್ಸ್ ಡಾರ್ವಿನ್. ಬಳ್ಳಿಗಳ ಚಲನೆಯ ಬಗ್ಗೆ 1865ರಲ್ಲಿ ಅವರು ಪ್ರಕಟಿಸಿದ ದೀರ್ಘ ಪ್ರಬಂಧದಲ್ಲಿ ಸೆರೋಪೀಜಿಯಾ ಎಂಬ ಕುಲದ ಬಳ್ಳಿಯೊಂದು ಬರುತ್ತದೆ. ಅದರ 31 ಇಂಚು ಉದ್ದದ ಕುಡಿಗೆ ಆಸರೆ ಕೊಡದೆ ಬಿಟ್ಟಾಗ, ಅದು ಐದೂಕಾಲು ಗಂಟೆಯಿಂದ ಆರೂಮುಕ್ಕಾಲು ಗಂಟೆಗೆ ಒಂದು ಸುತ್ತಿನಂತೆ ಗಾಳಿಯಲ್ಲಿ ಐದು ಅಡಿಗೂ ಮಿಕ್ಕ ಅಗಲದ ವೃತ್ತ ಬರೆಯಿತು. ತುದಿಯ ವೇಗ ಗಂಟೆಗೆ 32ರಿಂದ 33 ಇಂಚು. ಬಳ್ಳಿ ಹೀಗೆ ಆಸರೆ ಹುಡುಕುತ್ತದೆ. ಇದೇ ಸೆರೋಪೀಜಿಯಾ ಕುಲದ ಹಲವು ಜಾತಿಗಳು ದಕ್ಷಿಣ ಭಾರತದ ಒಣಗುಡ್ಡಗಳ ಕಲ್ಲುಸಂದಿಗಳಲ್ಲಿವೆ.

ಹಕ್ಕಿಯ ಹೊಟ್ಟೆಯ ದಾರಿ

ಬೀಜ ಪ್ರಸಾರಕ್ಕೆ ಬಳ್ಳಿಗಳು ಹಿಡಿದ ದಾರಿ ಮುಖ್ಯವಾಗಿ ಮೂರು: ಪ್ರಾಣಿಪಕ್ಷಿಗಳ ಹೊಟ್ಟೆ, ಗಾಳಿ, ತಾನೇ ಸಿಡಿಯುವ ಕಾಯಿ.

ಮಳೆಯ ನಂತರ ಕಲ್ಲುಗುಡ್ಡದಲ್ಲಿ ಕೆಂಪು ಬಣ್ಣ ಎದ್ದು ಕಾಣುತ್ತದೆ. ಅಮೃತಬಳ್ಳಿಯ ಬಟಾಣಿ ಗಾತ್ರದ ಹಣ್ಣು ಕೆಂಪು, ಮಂಗರವಳ್ಳಿಯ ಹಣ್ಣು ಕೆಂಪು, ಕಾಡುತೊಂಡೆ ಹಣ್ಣಾದರೆ ಕಡುಗೆಂಪು. ಲಿಂಗತೊಂಡೆಯ ಹಣ್ಣಿನ ಕೆಂಪಿನ ಮೇಲೆ ಬಿಳಿ ಪಟ್ಟೆಗಳು, ಒಳಗಿನ ಬೀಜದ ಆಕಾರ ನೋಡಿದರೆ ಹೆಸರಿನ ಕಾರಣ ತಿಳಿಯುತ್ತದೆ. ದಾಗಡಿ, ಕಾಡುಮಲ್ಲಿಗೆ, ಸೂರಿಮುಳ್ಳಿನ ಹಣ್ಣುಗಳು ಕಪ್ಪು. ಹಕ್ಕಿಗಳ ಕಣ್ಣಿಗೆ ಕೆಂಪೂ ಕಪ್ಪೂ ದೂರದಿಂದಲೇ ಬೀಳುವ ಬಣ್ಣಗಳು. ಪಿಕಳಾರ, ಗೊರವಂಕ, ಕೋಗಿಲೆಗಳು ಹಣ್ಣು ನುಂಗಿ, ತಿರುಳು ಕರಗಿಸಿ, ಸಾಮಾನ್ಯವಾಗಿ ಗಂಟೆಯೊಳಗೆ ಬೀಜವನ್ನು ಹೊರಹಾಕುತ್ತವೆ. ಅಷ್ಟರಲ್ಲಿ ಹಕ್ಕಿ ಹಾರಿ ಬೇರೆಡೆ ಕುಳಿತಿರುತ್ತದೆ.

ಅದು ಎಲ್ಲಿ ಕುಳಿತಿರುತ್ತದೆ ಎಂಬುದರ ಮೇಲೆ ಬಳ್ಳಿಯ ಭವಿಷ್ಯ ನಿಂತಿದೆ. ಬಂಡೆಯ ನೆತ್ತಿಯ ಮೇಲೊಂದು ಒಂಟಿ ತುಗ್ಗಲಿ ಇದ್ದರೆ ಅಥವಾ ಕಳ್ಳಿಯ ಗುಂಪು ಇದ್ದರೆ ಹಕ್ಕಿ ಅಲ್ಲೇ ಇಳಿಯುತ್ತದೆ. ಆ ಕಳ್ಳಿಯ ಬುಡ ಬಗ್ಗಿ ನೋಡಿದವರಿಗೆ ವಿಷಯ ತಾನಾಗಿ ತಿಳಿಯುತ್ತದೆ: ಹಿಕ್ಕೆಯ ಬಿಳಿ ಕಲೆಗಳ ನಡುವೆ ನಾಲ್ಕಾರು ಬಗೆಯ ಬೀಜ, ಮೊಳಕೆಯೊಡೆದ ತೊಂಡೆ, ಎರಡೆಲೆಯ ದಾಗಡಿ, ಕಳ್ಳಿಯ ಮುಳ್ಳುಗಳ ಮಧ್ಯೆ ಆಗಲೇ ಮೇಲೇರಿದ ಅಮೃತಬಳ್ಳಿ. ಕಳ್ಳಿಯ ನೆರಳು ಮೊಳಕೆಯನ್ನು ಬಿಸಿಲಿನಿಂದ ಕಾಯುತ್ತದೆ, ಅದರ ಮುಳ್ಳೂ ಹಾಲೂ ಮೇಕೆಯಿಂದ ಕಾಯುತ್ತವೆ. ಹಕ್ಕಿ ಹೊತ್ತ ಬೀಜ ಎಲ್ಲೆಂದರಲ್ಲಿ ಬೀಳುವುದಿಲ್ಲ, ಬಹಳಷ್ಟು ಸಲ ಬದುಕಬಹುದಾದ ಜಾಗದಲ್ಲೇ ಬೀಳುತ್ತದೆ. ಆದ್ದರಿಂದ ಬಂಡೆಯ ಮೇಲಿನ ಒಂದು ಮರ, ಒಂದು ಕಳ್ಳಿಮೆಳೆ ಕಡಿದರೆ ಹೋಗುವುದು ಅದೊಂದೇ ಅಲ್ಲ, ಅಲ್ಲಿ ಮುಂದೆ ಹುಟ್ಟಬೇಕಿದ್ದ ಬಳ್ಳಿಗಳೂ ಹೋಗುತ್ತವೆ.

ಈ ಕೆಲಸಗಾರ ಹಕ್ಕಿಗಳಲ್ಲಿ ಒಂದನ್ನು ಹೆಸರಿಸಲೇಬೇಕು. ಹಳದಿ ಕೊರಳಿನ ಪಿಕಳಾರ ದಕ್ಷಿಣ ಭಾರತದ ಬಂಡೆಗುಡ್ಡಗಳ ಕುರುಚಲಲ್ಲಿ ಮಾತ್ರ ಇರುವ ಹಕ್ಕಿ, ಜಗತ್ತಿನ ಬೇರೆಲ್ಲೂ ಇಲ್ಲ. ನಂದಿಬೆಟ್ಟ, ರಾಮನಗರದಲ್ಲಿ ಪಕ್ಷಿವೀಕ್ಷಕರು ಹುಡುಕಿಕೊಂಡು ಹೋಗುವ ಇದು ಸೇರ್ವರಾಯನ್ ಬೆಟ್ಟಗಳಲ್ಲೂ ದಾಖಲಾಗಿದೆ. ಅಂತರರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟದ ಕೆಂಪುಪಟ್ಟಿಯಲ್ಲಿ ಇದು ಅಪಾಯಕ್ಕೆ ಈಡಾಗಬಲ್ಲ ಪಕ್ಷಿ. ಬಂಡೆಗುಡ್ಡ ಬಿಟ್ಟು ಬಯಲಿಗೆ ಇಳಿಯುವುದು ಅಪರೂಪ. ಹಣ್ಣು ತಿನ್ನುವ ಈ ಹಕ್ಕಿಗೂ ಗುಡ್ಡದ ಬಳ್ಳಿಗೂ ಬೇಕಾದ ನೆಲೆ ಒಂದೇ.

ಗುಲಗಂಜಿಯ ದಾರಿ ಬೇರೆ. ಕಾಯಿ ಒಣಗಿ ಎರಡು ಹೋಳಾಗಿ ತಿರುಚಿಕೊಂಡರೂ ಕೆಂಪು ಮೈಯ ಕಪ್ಪು ಮೂತಿಯ ಬೀಜಗಳು ಉದುರದೆ ತಿಂಗಳುಗಟ್ಟಲೆ ಅಂಟಿಕೊಂಡಿರುತ್ತವೆ. ಅದರಲ್ಲಿ ತಿರುಳೆಂಬುದೇ ಇಲ್ಲ. ಹಣ್ಣಿನ ವೇಷ ತೊಟ್ಟು ಹಕ್ಕಿಯನ್ನು ಸೆಳೆಯುತ್ತದೆ ಎಂಬುದು ಸಸ್ಯವಿಜ್ಞಾನಿಗಳ ವಿವರಣೆ. ಬೀಜದ ಗಟ್ಟಿ ಸಿಪ್ಪೆ ಒಡೆಯದೆ ಹೊಟ್ಟೆಯಿಂದ ಹೊರಬೀಳುತ್ತದೆ. ಅಕ್ಕಸಾಲಿಗರು ಚಿನ್ನ ತೂಗಲು ಬಳಸುತ್ತಿದ್ದ ಈ ಬೀಜದೊಳಗೆ ಅಬ್ರಿನ್ ಎಂಬ ಘೋರ ವಿಷವಿದೆ. ಅಗಿದರೆ ಪ್ರಾಣಕ್ಕೇ ಅಪಾಯ, ಮಕ್ಕಳ ಕೈಗೆ ಕೊಡಬಾರದು. ತಮಿಳುನಾಡಿನ ರಾಜ್ಯಪುಷ್ಪವಾದ ಗೌರಿ ಹೂವಿನ ಕಾಯಿಯೂ ಬಿರಿದು ಕೆಂಪು ಬೀಜಗಳನ್ನು ಹಕ್ಕಿಗಳಿಗೆ ತೋರುತ್ತದೆ. ಆ ಗಿಡದ ಪ್ರತಿ ಭಾಗದಲ್ಲೂ ಕಾಲ್ಚಿಸಿನ್ ಎಂಬ ವಿಷವಿದೆ.

ಗಾಳಿಯನ್ನು ನಂಬಿದವು

ಮಾಗಳಿ, ಸೊಗದೆ ಬೇರು, ಹಾಲುಕೊರಟಿಗೆ, ಸೋಮಲತೆ, ಸೆರೋಪೀಜಿಯಾ ಎಲ್ಲವೂ ಎಕ್ಕದ ಬಳಗದವು. ಇವುಗಳ ಬೀಜದ ತಲೆಗೆ ರೇಷ್ಮೆಯಂಥ ಬಿಳಿ ಕೂದಲಿನ ಗೊಂಡೆ ಇರುತ್ತದೆ. ಜೋಡಿ ಕಾಯಿ ಬೇಸಿಗೆಯ ಒಣಗಾಳಿಗೆ ಒಂದು ಬದಿಯಲ್ಲಿ ಸೀಳಿದಾಗ ಚಪ್ಪಟೆ ಬೀಜಗಳು ಒಂದರ ಮೇಲೊಂದು ಅಡಕವಾಗಿ ಕಾಣುತ್ತವೆ. ಗೊಂಡೆ ಬಿಚ್ಚಿಕೊಂಡ ಕೂಡಲೇ ಮೇಲಿನದು ಗಾಳಿಗೆ ಸಿಕ್ಕಿ ಹೊರಡುತ್ತದೆ, ಹಿಂದೆಯೇ ಮತ್ತೊಂದು. ಕಾದ ಬಂಡೆಯಿಂದ ಮೇಲೇಳುವ ಬಿಸಿಗಾಳಿ ಈ ಹಗುರ ಬೀಜಗಳನ್ನು ಎತ್ತಿಕೊಳ್ಳುತ್ತದೆ. ಬಳ್ಳಿ ಎತ್ತರಕ್ಕೆ ಏರುವುದರ ಲಾಭ ಎಲೆಗೆ ಬಿಸಿಲು ಸಿಗುವುದಷ್ಟೇ ಅಲ್ಲ, ಬೀಜಕ್ಕೆ ಹಾರಲು ಎತ್ತರವೂ ಸಿಗುತ್ತದೆ.

ಈಶ್ವರಿ ಬಳ್ಳಿಯದು ಇನ್ನೊಂದು ಚೆಂದ. ಅದರ ಕಾಯಿ ತೊಟ್ಟಿನ ಕಡೆಯಿಂದ ಆರು ಹೋಳಾಗಿ ಬಿರಿದು, ನೂಲುಗಳಲ್ಲಿ ನೇತುಬಿಟ್ಟ ಪುಟ್ಟ ತೂಗುಬುಟ್ಟಿಯಂತೆ ಬಾಯಿ ಮೇಲಾಗಿ ತೂಗಾಡುತ್ತದೆ. ಗಾಳಿ ಅಲುಗಿಸಿದಷ್ಟೂ ರೆಕ್ಕೆಯಂಚಿನ ತೆಳು ಬೀಜಗಳು ಒಂದೆರಡಾಗಿ ಹಾರುತ್ತವೆ. ಎಲ್ಲವೂ ಒಂದೇ ದಿನ ಒಂದೇ ದಿಕ್ಕಿಗೆ ಹೋಗದೆ ಬೇರೆ ಬೇರೆ ಗಾಳಿಗೆ ಹಂಚಿಹೋಗುವುದು ಇದರ ಪ್ರಯೋಜನ. ಟೆರೊಲೋಬಿಯಂ ಎಂಬ ಮುಳ್ಳುಬಳ್ಳಿಯ ಕಾಯಿಗೆ ಕೆಂಪು ರೆಕ್ಕೆ ಉಂಟು, ಕಾಯಿ ಬಿಟ್ಟ ಕಾಲದಲ್ಲಿ ಈ ಸೀಮೆಯ ಗುಡ್ಡಗಳ ಇಳಿಜಾರು ಹೂ ಬಿಟ್ಟಂತೆ ಕೆಂಪಾಗುತ್ತದೆ. ತಮಿಳರು ಮುಡಕತ್ತಾನ್ ಎಂದು ದೋಸೆ ಹಿಟ್ಟಿಗೆ ಅರೆದು ಹಾಕುವ ಅಗ್ನಿಬಳ್ಳಿಯ ಕಾಯಿ ಗಾಳಿ ತುಂಬಿದ ಬುರುಡೆ. ಒಣಗಿ ಕಳಚಿದ ಬುರುಡೆ ಬಂಡೆಯ ಮೇಲೆ ಉರುಳುತ್ತಾ ಹೋಗಿ ಯಾವುದೋ ಬಿರುಕಿನಲ್ಲಿ ಸಿಕ್ಕಿಕೊಳ್ಳುತ್ತದೆ. ಒಳಗಿನ ಕಪ್ಪು ಬೀಜದ ಮೇಲೆ ಬಿಳಿಯ ಹೃದಯದ ಗುರುತು.

ಮೂರನೆಯ ದಾರಿ ಅವರೆಯ ಬಳಗದ್ದು. ಶಂಖಪುಷ್ಪದ ಕಾಯಿ ಒಣಗಿ ತಿರುಚಿಕೊಂಡು ಚಟ್ಟನೆ ಸಿಡಿದು ಬೀಜ ಎರಚುತ್ತದೆ. ಬೀಜ ಹೋಗುವುದು ಕೆಲವೇ ಅಡಿ. ಬೇರುಬಿಟ್ಟ ಬಂಡೆಯ ಮೇಲೆ ಸಂತಾನ ಉಳಿಸಲು ಇಷ್ಟು ಸಾಕು, ಹೊಸ ಗುಡ್ಡಕ್ಕೆ ಹೋಗಲು ಸಾಲದು. ಮಂಗರವಳ್ಳಿ ಬೀಜದ ಜೊತೆಗೆ ಇನ್ನೊಂದು ದಾರಿಯನ್ನೂ ಇಟ್ಟುಕೊಂಡಿದೆ: ಸಂದು ಮುರಿದು ಬಿದ್ದ ಪ್ರತಿ ತುಂಡೂ ಬೇರು ಬಿಡುತ್ತದೆ.

ಹಕ್ಕಿಗೂ ಗಾಳಿಗೂ ಇರುವ ವ್ಯತ್ಯಾಸ ಇಲ್ಲಿ ಮುಖ್ಯ. ಹಕ್ಕಿಗೆ ಕೂರಲು ಕೊಂಬೆ ಬೇಕು, ಕೊಂಬೆ ಇದ್ದಲ್ಲಿಗೆ ಅದು ಬೀಜ ತರುತ್ತದೆ. ಗಾಳಿಗೆ ಗುರಿಯಿಲ್ಲ. ಹಾರಿದ ಬೀಜಗಳಲ್ಲಿ ಬಹುಪಾಲು ಹೊಲಕ್ಕೆ, ರಸ್ತೆಗೆ, ಕೆರೆಗೆ ಬಿದ್ದು ಹಾಳಾಗುತ್ತವೆ. ಒಂದೆರಡಾದರೂ ಬಂಡೆಯ ಬಿರುಕಿಗೆ ಬೀಳಬೇಕಾದರೆ ಹಾದಿಯಲ್ಲಿ ಬಂಡೆಗಳು ಸಾಕಷ್ಟು ಇರಬೇಕು, ಹತ್ತಿರ ಹತ್ತಿರ ಇರಬೇಕು. ನಡುವಿನ ಒಂದು ಗುಡ್ಡ ಇಲ್ಲವಾದರೆ ಆಚೀಚೆಯ ಎರಡು ಗುಡ್ಡಗಳ ಅಂತರ ಹೆಚ್ಚುತ್ತದೆ, ಗಾಳಿಯನ್ನು ನಂಬಿದ ಬಳ್ಳಿಗಳಿಗೆ ಪಯಣದ ದಾರಿಯೇ ತಪ್ಪುತ್ತದೆ.

ಉಪ್ಪಿನಕಾಯಿ ಭರಣಿಯೊಳಗಿನ ಬಳ್ಳಿ

ಗಾಳಿಯನ್ನು ನಂಬಿದ ಈ ಬಳಗದಲ್ಲಿ ಕನ್ನಡಿಗರಿಗೆ ಹೆಚ್ಚು ಹತ್ತಿರದ್ದು ಮಾಗಳಿ, ಕೆಲವರ ಬಾಯಲ್ಲಿ ಮಾಕಳಿ. ದಕ್ಷಿಣ ಭಾರತದ ಕಲ್ಲುಗುಡ್ಡಗಳ ಸಂದಿಯಲ್ಲಿ ಬೆಳೆಯುವ ಈ ಬಳ್ಳಿಗೆ ವೈಟ್ ಮತ್ತು ಆರ್ನಾಟ್ ಎಂಬ ಸಸ್ಯವಿಜ್ಞಾನಿಗಳು 1834ರಲ್ಲಿ ಡೆಕಾಲೆಪಿಸ್ ಹ್ಯಾಮಿಲ್ಟೋನಿ ಎಂದು ಹೆಸರಿಟ್ಟರು. ಬೇರನ್ನು ಉಜ್ಜಿ ತೊಳೆದು, ಸಿಪ್ಪೆ ಹೆರೆದು, ನಡುವಿನ ನಾರುಗಡ್ಡಿ ತೆಗೆದು, ಹೋಳು ಮಾಡಿ ಮಜ್ಜಿಗೆಯಲ್ಲೋ ಮೊಸರಿನಲ್ಲೋ ನೆನೆಸಿ, ಉಪ್ಪು, ಅರಿಶಿನ, ಸಾಸಿವೆ, ಖಾರ ಹಾಕಿದರೆ ಭರಣಿ ತೆರೆದಾಗಲೆಲ್ಲ ಮನೆ ತುಂಬುವ ಪರಿಮಳ. ಆ ಪರಿಮಳ ಕೊಡುವ ವಸ್ತು ವೆನಿಲಾದ ಸುವಾಸನೆ ಕೊಡುವ ವೆನಿಲಿನ್‌ಗೆ ಅತಿ ಹತ್ತಿರದ್ದು. ಎರಡರ ಅಣುಸೂತ್ರ ಒಂದೇ, ಪರಮಾಣುಗಳ ಜೋಡಣೆ ಮಾತ್ರ ಬೇರೆ. ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದಲ್ಲಿ ಈ ಬೇರಿನ ಸುವಾಸನೆಯ ಬಗ್ಗೆಯೂ ಅಂಗಾಂಶ ಕೃಷಿಯಿಂದ ಸಸಿ ಬೆಳೆಸುವ ಬಗ್ಗೆಯೂ ಕೆಲಸ ನಡೆದಿದೆ.

ಅಮೃತಬಳ್ಳಿಯ ಕಾಂಡ ಕೊಯ್ದರೆ ಬಳ್ಳಿ ಮತ್ತೆ ಚಿಗುರುತ್ತದೆ. ತೊಂಡೆಯ ಕಾಯಿ ಕಿತ್ತರೆ ಬಳ್ಳಿಗೆ ನಷ್ಟವಿಲ್ಲ. ಮಾಗಳಿಯಲ್ಲಿ ಬೇಕಾದದ್ದು ಬೇರು, ಬೇರು ಅಗೆದರೆ ಬಳ್ಳಿಯೇ ಹೋಯಿತು. ಮೇಲಾಗಿ ಮಾಗಳಿ ಕಾಯಿ ಕಟ್ಟುವುದೇ ವಿರಳ, ಬೀಜದ ಮೊಳೆಯುವ ಶಕ್ತಿಯೂ ಬೇಗ ಕುಂದುತ್ತದೆ. ವರ್ಷಗಟ್ಟಲೆ ಬಂಡೆಯ ಸಂದಿಯಲ್ಲಿ ಬೆಳೆದು, ಕಡೆಗೊಮ್ಮೆ ಕಾಯಿ ಬಿಡುವ ಹೊತ್ತಿಗೆ ಗುದ್ದಲಿ ಬಿದ್ದರೆ, ಹಾರಬೇಕಾದ ಬೀಜ ಹಾರುವುದೇ ಇಲ್ಲ. ನಿಸರ್ಗ ಸಂರಕ್ಷಣಾ ಒಕ್ಕೂಟ ಮಾಗಳಿಯನ್ನು ಅಳಿವಿನಂಚಿನ ಸಸ್ಯಗಳ ಪಟ್ಟಿಗೆ ಸೇರಿಸಿದ್ದು ಇದೇ ಕಾರಣಕ್ಕೆ: ಬೆಳೆದದ್ದಕ್ಕಿಂತ ಅಗೆದದ್ದು ಹೆಚ್ಚಾಯಿತು.

ಲೆಕ್ಕಕ್ಕೆ ಬಾರದ ನೆಲ

ಸೇಲಂ ಸೀಮೆಯ ಸಸ್ಯಗಳ ಬಗ್ಗೆ ನಮಗೆ ತಿಳಿವಳಿಕೆ ಇಲ್ಲದೆ ಏನೂ ಇಲ್ಲ. ತಿರುಚಿರಾಪಳ್ಳಿಯ ಸೇಂಟ್ ಜೋಸೆಫ್ ಕಾಲೇಜಿನ ರಾಪಿನಾಟ್ ಹರ್ಬೇರಿಯಂನ ಪಾದ್ರಿ ಕೆ.ಎಂ. ಮ್ಯಾಥ್ಯೂ ತಮಿಳುನಾಡಿನ ಒಣಸೀಮೆಯ ಸಸ್ಯಸಂಪತ್ತನ್ನು ಊರೂರು ತಿರುಗಿ ಸಂಗ್ರಹಿಸಿ, 1980ರ ದಶಕದಲ್ಲಿ ಬೃಹತ್ ಸಂಪುಟಗಳಲ್ಲಿ ದಾಖಲಿಸಿದರು. ಪುದುಚೇರಿ ವಿಶ್ವವಿದ್ಯಾಲಯದ ಎನ್. ಪಾರ್ಥಸಾರಥಿ ಮತ್ತು ಅವರ ವಿದ್ಯಾರ್ಥಿಗಳು ಪೂರ್ವಘಟ್ಟದ ಬೆಟ್ಟಗಳ ಬಳ್ಳಿಗಳನ್ನು ಎಣಿಸಿ, ಏರುವ ಬಗೆ, ಬೀಜ ಪ್ರಸಾರದ ಬಗೆ ಎರಡನ್ನೂ ಅಧ್ಯಯನ ಮಾಡಿದರು. ಬಳ್ಳಿಗಳ ಜೀವವೈವಿಧ್ಯ ಕುರಿತು ಪಾರ್ಥಸಾರಥಿ ಸಂಪಾದಿಸಿದ ಗ್ರಂಥ 2015ರಲ್ಲಿ ಹೊರಬಂತು.

ಕೊರತೆ ಇರುವುದು ಕಡತದಲ್ಲಿ. ಕಂದಾಯ ಲೆಕ್ಕದಲ್ಲಿ ಬಂಡೆ ಎಂದರೆ ಕರ್ನಾಟಕದಲ್ಲಿ ಖರಾಬು, ತಮಿಳುನಾಡಿನಲ್ಲಿ ಪೊರಂಬೋಕು. ಬೆಳೆ ಬಾರದು, ತೆರಿಗೆ ಬಾರದು, ಆದ್ದರಿಂದ ಗಣಿಗುತ್ತಿಗೆಗೆ ಕೊಡಲು ಅಡ್ಡಿಯಿಲ್ಲ ಎಂಬ ಭಾವನೆ ಎರಡೂ ಕಡೆ ಒಂದೇ. ಕೃಷ್ಣಗಿರಿ, ಧರ್ಮಪುರಿ ಸೀಮೆಯ ಗ್ರಾನೈಟ್ ದೇಶವಿದೇಶಗಳ ಕಟ್ಟಡಗಳ ನೆಲಕ್ಕೆ ಹೋಗುತ್ತದೆ. ಜಲ್ಲಿಗಾಗಿ ಒಡೆದ ಸಣ್ಣ ಗುಡ್ಡಗಳಂತೂ ಯಾರ ಗಮನಕ್ಕೂ ಬಾರದೆ ಕರಗುತ್ತವೆ. ಕಾಡು ಕಡಿದ ಜಾಗದಲ್ಲಿ ಕಾಡು ಮತ್ತೆ ಬೆಳೆದೀತು. 250 ಕೋಟಿ ವರ್ಷದ ಬಂಡೆ ಒಮ್ಮೆ ಹೋದರೆ ಹೋಯಿತು. ಇದರ ಜೊತೆಗೆ ಲಂಟಾನ ಗುಡ್ಡದ ಬುಡವನ್ನೆಲ್ಲ ಆವರಿಸಿ, ತನ್ನ ಹಣ್ಣನ್ನೂ ಅದೇ ಪಿಕಳಾರಗಳಿಗೆ ತಿನ್ನಿಸಿ ಹಬ್ಬುತ್ತಿದೆ. ಬೇಸಿಗೆಯಲ್ಲಿ ಹುಲ್ಲಿಗೆ ಇಟ್ಟ ಬೆಂಕಿ ಕಾಯಿ ಬಿರಿಯುವ ಹೊತ್ತಿಗೇ ಬಳ್ಳಿಗಳನ್ನು ಸುಡುತ್ತದೆ.

ಕಲ್ಲುಗುಡ್ಡವನ್ನು ಜೀವತಾಣವೆಂದು ಕಾನೂನು ಒಪ್ಪಿದ ಉದಾಹರಣೆ ತಮಿಳುನಾಡಿನಲ್ಲೇ ಇದೆ. ಮದುರೈ ಜಿಲ್ಲೆಯ ಅರಿಟ್ಟಾಪಟ್ಟಿಯ ಬಂಡೆಗುಡ್ಡಗಳನ್ನೂ ಕೆರೆಗಳನ್ನೂ ಒಳಗೊಂಡ ಸುಮಾರು 193 ಹೆಕ್ಟೇರ್ ಪ್ರದೇಶವನ್ನು 2022ರ ನವೆಂಬರ್‌ನಲ್ಲಿ ರಾಜ್ಯದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಿಸಲಾಯಿತು. 2024ರಲ್ಲಿ ಅದೇ ಪ್ರದೇಶವನ್ನು ಒಳಗೊಂಡಂತೆ ಟಂಗ್‌ಸ್ಟನ್ ಗಣಿಗಾರಿಕೆಯ ಪ್ರಸ್ತಾವ ಬಂದಾಗ ಜನ ಬೀದಿಗಿಳಿದರು, 2025ರ ಜನವರಿಯಲ್ಲಿ ಕೇಂದ್ರ ಸರ್ಕಾರ ಹರಾಜನ್ನು ರದ್ದು ಮಾಡಿತು. ಊರಿನವರಿಗೆ ತಮ್ಮ ಗುಡ್ಡದಲ್ಲಿ ಏನಿದೆ ಎಂಬುದು ಗೊತ್ತಿತ್ತು, ಅದು ದಾಖಲೆಯಲ್ಲೂ ಇತ್ತು. ಅದೇ ಅವರ ಬಲವಾಯಿತು.

2002ರ ಜೀವವೈವಿಧ್ಯ ಕಾಯ್ದೆ ಪ್ರತಿ ಗ್ರಾಮ ಪಂಚಾಯಿತಿಗೂ ಜೀವವೈವಿಧ್ಯ ಸಮಿತಿ ಮಾಡಿಕೊಳ್ಳುವ, ಜನತಾ ಜೀವವೈವಿಧ್ಯ ದಾಖಲಾತಿ ಬರೆಯುವ ಹೊಣೆ ಕೊಟ್ಟಿದೆ. ಓಮಲೂರಿನ ಗುಡ್ಡಕ್ಕೂ ಮಾಗಡಿಯ ಗುಡ್ಡಕ್ಕೂ ಇದು ಸಮಾನವಾಗಿ ಅನ್ವಯಿಸುತ್ತದೆ. ನಿಮ್ಮೂರಿನ ದಾಖಲಾತಿ ಪುಸ್ತಕ ಕೇಳಿ ನೋಡಿ. ಅದರಲ್ಲಿ ಊರ ಬಂಡೆಯ ಹೆಸರಿಲ್ಲದಿದ್ದರೆ ಬರೆಸಿ. ಅಲ್ಲಿನ ಬಳ್ಳಿಗಳ ಹೆಸರು ಮೇಕೆ ಕಾಯುವವರಿಗೂ ನಾಟಿವೈದ್ಯರಿಗೂ ಗೊತ್ತಿರುತ್ತದೆ, ಅವರನ್ನು ಕರೆದು ಪಟ್ಟಿ ಮಾಡಿಸಿ, ಯಾವ ಹಣ್ಣನ್ನು ಯಾವ ಹಕ್ಕಿ ತಿನ್ನುತ್ತದೆ ಎಂಬುದನ್ನೂ ಸೇರಿಸಿ. ಬಂಡೆಯ ಮೇಲಿನ ಒಂಟಿ ಮರವನ್ನೂ ಕಳ್ಳಿಮೆಳೆಯನ್ನೂ ಕಡಿಯಲು ಬಿಡಬೇಡಿ. ಮಾಗಳಿ ಬೇರು ಕೊಳ್ಳುವಾಗ ಅದು ತೋಟದಲ್ಲಿ ಬೆಳೆದದ್ದೋ ಗುಡ್ಡದಿಂದ ಅಗೆದು ತಂದದ್ದೋ ಎಂದು ಕೇಳಿ, ಬೆಳೆಸಿದವರಿಗೆ ನಾಲ್ಕು ಕಾಸು ಹೆಚ್ಚು ಕೊಟ್ಟರೂ ನಷ್ಟವಿಲ್ಲ. ಒಂದು ಗುಡ್ಡಕ್ಕೆ ಗಣಿಗುತ್ತಿಗೆಯ ಸಹಿ ಬೀಳುವ ಮೊದಲು ಅಲ್ಲಿನ ಬಳ್ಳಿಗಳ ಪಟ್ಟಿ ಅಧಿಕಾರಿಯ ಮೇಜಿನ ಮೇಲೆ ಇರಬೇಕು. ಅದನ್ನು ಅಲ್ಲಿಗೆ ತಲುಪಿಸುವ ಕೆಲಸ ಊರಿನವರದು, ನಮ್ಮದು.